ಕೊಕೊ ಚಲನಚಿತ್ರದ ಪರಾಕಾಷ್ಠೆಯ ದೃಶ್ಯ

'ಕೊಕೊ' ಚಲನಚಿತ್ರದ ಪರಾಕಾಷ್ಠೆಯ ದೃಶ್ಯವು ಪಿಕ್ಸಾರ್ ಸಂಸ್ಥೆ ನಿರ್ಮಿಸಿ ೨೦೧೭ರಲ್ಲಿ ತೆರೆಕಂಡ ಅಮೆರಿಕದ ಆನಿಮೇಷನ್ ಚಿತ್ರವೊಂದರ ಕೊನೆಯ ಭಾಗದಲ್ಲಿ ಬರುವ ಹಾಡಿನ ಸನ್ನಿವೇಶವಾಗಿದೆ. ಇದರಲ್ಲಿ ಹನ್ನೆರಡು ವರ್ಷದ ಬಾಲಕ ಮಿಗೆಲ್ ರಿವೆರಾ, ನೆನಪಿನ ಶಕ್ತಿ ಕುಂದಿರುವ ತನ್ನ ಮುತ್ತಜ್ಜಿ ಮಾಮಾ ಕೊಕೊಳ ಎದುರು ಕುಳಿತು 'ರಿಮೆಂಬರ್ ಮಿ' ಎಂಬ ಹಾಡನ್ನು ಹಾಡುತ್ತಾನೆ. ಆಕೆಯ ಬಾಲ್ಯದಲ್ಲಿ ತಂದೆ ಹಾಡುತ್ತಿದ್ದ ಹಾಡು ಅದು. ಚಿತ್ರವನ್ನು ಲೀ ಅಂಕ್ರಿಚ್ ನಿರ್ದೇಶಿಸಿದ್ದು, ಏಡ್ರಿಯನ್ ಮೊಲಿನಾ ಸಹನಿರ್ದೇಶಕರಾಗಿದ್ದಾರೆ. ಚಿಕ್ಕದೊಂದು ಕೋಣೆಯಲ್ಲಿ, ಒಂದು ಗಿಟಾರ್ ಮತ್ತು ಎರಡು ಕಂಠಗಳಿಂದ ಮಾತ್ರ ರೂಪುಗೊಂಡ ಈ ದೃಶ್ಯದ ಪರಿಣಾಮವು ಚಿತ್ರದ ಆರಂಭದಿಂದಲೇ ಹಂತಹಂತವಾಗಿ ಕಟ್ಟಲ್ಪಟ್ಟಿದೆ.

ಕಥೆಯ ಹಿನ್ನೆಲೆ

ಕಥೆಯು ಮೆಕ್ಸಿಕೊ ದೇಶದ ಸಾಂತಾ ಸೆಸಿಲಿಯಾ ಎಂಬ ಕಾಲ್ಪನಿಕ ಊರಿನಲ್ಲಿ ನಡೆಯುತ್ತದೆ. ರಿವೆರಾ ಕುಟುಂಬದವರು ಪಾದರಕ್ಷೆ ತಯಾರಿಸುವವರು. ಹಲವು ತಲೆಮಾರುಗಳ ಹಿಂದೆ ಹಾಡುಗಾರನೊಬ್ಬ ಹೆಂಡತಿ ಇಮೆಲ್ಡಾ ಮತ್ತು ಪುಟ್ಟ ಮಗಳು ಕೊಕೊಳನ್ನು ಬಿಟ್ಟು ಹೋಗಿ ಮರಳಿ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಸಂಗೀತಕ್ಕೆ ನಿಷೇಧವಿದೆ. ಕುಟುಂಬದ ಛಾಯಾಚಿತ್ರದಲ್ಲಿಯೂ ಆತನ ಮುಖವಿದ್ದ ಭಾಗವನ್ನು ಹರಿದು ತೆಗೆಯಲಾಗಿದೆ.

ಮೆಕ್ಸಿಕೊದಲ್ಲಿ ನವೆಂಬರ್ ೧ ಮತ್ತು ೨ರಂದು 'ದಿಯಾ ದೆ ಲೋಸ್ ಮುಯೆರ್ತೋಸ್', ಅಂದರೆ ಮೃತರ ದಿನವನ್ನು ಆಚರಿಸಲಾಗುತ್ತದೆ. ಮನೆಗಳಲ್ಲಿ 'ಒಫ್ರೆಂದಾ' ಎಂಬ ವೇದಿಕೆಯನ್ನು ಸಿದ್ಧಪಡಿಸಿ, ಅದರ ಮೇಲೆ ಗತಿಸಿದವರ ಭಾವಚಿತ್ರ, ಅವರಿಗೆ ಪ್ರಿಯವಾದ ಆಹಾರ, ಮೇಣದ ಬತ್ತಿ ಮತ್ತು ಚೆಂಡುಹೂಗಳನ್ನು ಇಡುತ್ತಾರೆ. ಕರ್ನಾಟಕದಲ್ಲಿಯೂ ಪೂಜೆ ಮತ್ತು ತೋರಣಗಳಿಗೆ ಬಳಕೆಯಾಗುವ ಚೆಂಡುಹೂವಿನ ಮೂಲ ನೆಲೆ ಮೆಕ್ಸಿಕೊ ಪ್ರದೇಶವೇ ಆಗಿದೆ.

ಈ ಆಚರಣೆಯನ್ನು ಆಧರಿಸಿ ಚಿತ್ರವು ಎರಡು ನಿಯಮಗಳನ್ನು ಕಲ್ಪಿಸಿಕೊಂಡಿದೆ. ಒಫ್ರೆಂದಾದ ಮೇಲೆ ಭಾವಚಿತ್ರವಿರುವ ಮೃತರು ಮಾತ್ರ ಆ ರಾತ್ರಿ ಚೆಂಡುಹೂವಿನ ಸೇತುವೆ ದಾಟಿ ಜೀವಂತರ ಲೋಕಕ್ಕೆ ಬರಬಲ್ಲರು ಎಂಬುದು ಮೊದಲನೆಯದು. ಬದುಕಿರುವವರಲ್ಲಿ ಒಬ್ಬರೂ ನೆನಪಿಟ್ಟುಕೊಳ್ಳದಿದ್ದರೆ ಮೃತ ವ್ಯಕ್ತಿಯು ಮೃತರ ಲೋಕದಿಂದಲೂ ಅಳಿದುಹೋಗುತ್ತಾನೆ ಎಂಬುದು ಎರಡನೆಯದು. ಇದನ್ನು ಚಿತ್ರದಲ್ಲಿ ಅಂತಿಮ ಮರಣವೆಂದು ಕರೆಯಲಾಗಿದೆ.

ಶಾಪದ ಫಲವಾಗಿ ಮೃತರ ಲೋಕವನ್ನು ಸೇರುವ ಮಿಗೆಲ್‌ಗೆ ಅಲ್ಲಿ ಹೆಕ್ಟರ್ ಎಂಬಾತ ಜೊತೆಯಾಗುತ್ತಾನೆ. ಆತನೇ ಕೊಕೊಳ ತಂದೆಯೆಂದೂ, ಮನೆಗೆ ಹಿಂದಿರುಗಲು ಹೊರಟಾಗ ಗೆಳೆಯ ಎರ್ನೆಸ್ತೊ ದೆ ಲಾ ಕ್ರುಸ್ ವಿಷವಿಕ್ಕಿ ಕೊಂದು, ಅವನ ಹಾಡುಗಳನ್ನು ಕದ್ದು ಪ್ರಸಿದ್ಧ ಗಾಯಕನಾದನೆಂದೂ ಅನಂತರ ತಿಳಿದುಬರುತ್ತದೆ. ಭೂಮಿಯ ಮೇಲೆ ಹೆಕ್ಟರ್‌ನ ನೆನಪು ಉಳಿದಿರುವುದು ಕೊಕೊ ಒಬ್ಬಳಲ್ಲಿ ಮಾತ್ರ, ಅದೂ ಮಸುಕಾಗುತ್ತಿದೆ.

ದೃಶ್ಯದ ವಿವರ

ಸೂರ್ಯೋದಯದ ವೇಳೆಗೆ ಜೀವಂತರ ಲೋಕಕ್ಕೆ ಮರಳುವ ಮಿಗೆಲ್, ಗಿಟಾರ್ ಹಿಡಿದು ಮನೆಗೆ ಓಡಿಬಂದು ಮುತ್ತಜ್ಜಿಯ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ತಂದೆಯನ್ನು ಮರೆಯಬಾರದೆಂದು ಆಕೆಯನ್ನು ಬೇಡಿಕೊಳ್ಳುತ್ತಾನೆ. ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧೆಯ ದೃಷ್ಟಿ ಶೂನ್ಯದಲ್ಲಿ ನೆಟ್ಟಿದ್ದು, ಯಾವ ಪ್ರತಿಕ್ರಿಯೆಯೂ ಬರುವುದಿಲ್ಲ. ಮನೆಯವರು ಒಳಗೆ ಬರುತ್ತಾರೆ. ಅಜ್ಜಿ ಎಲೆನಾ ಗದರುತ್ತಾಳೆ. ಬಾಲಕ ಸೋತು ಅಳುತ್ತಾನೆ. ಅನಂತರ ಅವನು ಗಿಟಾರನ್ನು ಎತ್ತಿಕೊಂಡು ಮೆಲುದನಿಯಲ್ಲಿ ಹಾಡತೊಡಗುತ್ತಾನೆ. ತಡೆಯಲು ಮುಂದಾದ ಎಲೆನಾಳನ್ನು ಮಿಗೆಲ್‌ನ ತಂದೆ ನಿಲ್ಲಿಸುತ್ತಾನೆ.

ಹಾಡು ಸಾಗಿದಂತೆ ಕೊಕೊಳ ಕಣ್ಣುಗಳಲ್ಲಿ ಹೊಳಪು ಮೂಡುತ್ತದೆ, ತುಟಿ ಅಲುಗುತ್ತದೆ, ಕೊನೆಗೆ ನಡುಗುವ ದನಿಯಲ್ಲಿ ಆಕೆಯೂ ಜೊತೆಗೂಡುತ್ತಾಳೆ. ಹಾಡು ಮುಗಿದಾಗ ಆಕೆ ಮಗಳು ಎಲೆನಾಳನ್ನು ಗುರುತಿಸಿ, ಏಕೆ ಅಳುತ್ತಿರುವೆ ಎಂದು ವಿಚಾರಿಸುತ್ತಾಳೆ. ಬಳಿಕ ಮೇಜಿನ ಸೆಳೆಖಾನೆಯಲ್ಲಿ ಜೋಪಾನವಾಗಿಟ್ಟಿದ್ದ ತಂದೆಯ ಪತ್ರಗಳನ್ನೂ, ಛಾಯಾಚಿತ್ರದಿಂದ ಹರಿದುಹೋಗಿದ್ದ ಮುಖದ ತುಣುಕನ್ನೂ ಹೊರತೆಗೆಯುತ್ತಾಳೆ. ಮನೆಯವರೆಲ್ಲ ಮರೆಯಬೇಕೆಂದು ಬಯಸಿದ್ದ ವ್ಯಕ್ತಿಯ ಗುರುತನ್ನು ಮರೆವಿಗೆ ಒಳಗಾದ ಅದೇ ವೃದ್ಧೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು ಎಂಬುದು ಆಗ ತಿಳಿಯುತ್ತದೆ.

ಒಂದು ಹಾಡು, ಮೂರು ಅರ್ಥ

'ರಿಮೆಂಬರ್ ಮಿ' ಹಾಡನ್ನು ಕ್ರಿಸ್ಟನ್ ಆಂಡರ್ಸನ್-ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ದಂಪತಿ ರಚಿಸಿದ್ದಾರೆ. ಚಿತ್ರದ ಹಿನ್ನೆಲೆ ಸಂಗೀತ ಮೈಕೆಲ್ ಜಿಯಾಕಿನೊ ಅವರದು. ಪದಗಳು ಬಹುಮಟ್ಟಿಗೆ ಒಂದೇ ಆಗಿದ್ದರೂ ಈ ಹಾಡು ಮೂರು ಮುಖ್ಯ ಸಂದರ್ಭಗಳಲ್ಲಿ ಮೂರು ಬೇರೆ ಅರ್ಥಗಳನ್ನು ಪಡೆಯುತ್ತದೆ.

ಮೊದಲನೆಯದಾಗಿ ಇದು ಎರ್ನೆಸ್ತೊನ ರಂಗಪ್ರದರ್ಶನದ ಹಾಡಾಗಿ ಕೇಳಿಸುತ್ತದೆ. ಅಲ್ಲಿ ವಾದ್ಯಗಳ ಅಬ್ಬರವಿದೆ, ನೃತ್ಯವಿದೆ. ತನ್ನನ್ನು ನೆನೆಯಿರೆಂದು ತಾರೆಯೊಬ್ಬ ಅಭಿಮಾನಿಗಳನ್ನು ಕೇಳುವಂತೆ ಅದು ತೋರುತ್ತದೆ. ಮೃತರ ಲೋಕದ ಸಂಗೀತ ಸ್ಪರ್ಧೆಯಲ್ಲಿ ಇದನ್ನೇ ಹಾಡಲು ಮಿಗೆಲ್ ಬಯಸಿದಾಗ, ಅದು ತೀರಾ ಜನಪ್ರಿಯವಾದುದೆಂದು ಹೆಕ್ಟರ್ ತಡೆಯುತ್ತಾನೆ. ಆ ನಿರಾಕರಣೆಯ ಹಿಂದೆ ನೋವಿದೆಯೆಂದು ಪ್ರೇಕ್ಷಕನಿಗೆ ಆಗ ತಿಳಿಯುವುದಿಲ್ಲ.

ಎರಡನೆಯದಾಗಿ, ಹೆಕ್ಟರ್‌ನ ನೆನಪಿನಲ್ಲಿ ಇದು ಪ್ರವಾಸಕ್ಕೆ ಹೊರಡುವ ತಂದೆ ಮಗಳಿಗಾಗಿ ಹಾಡುವ ಜೋಗುಳವಾಗುತ್ತದೆ. ಇದೇ ಹಾಡಿನ ಮೂಲರೂಪವೆಂದು ಗೊತ್ತಾದಾಗ, ಮೊದಲು ಕೇಳಿದ್ದ ವೈಭವದ ರೂಪವು ಕದ್ದ ಮಾಲಿನಂತೆ ಕಾಣಿಸತೊಡಗುತ್ತದೆ.

ಮೂರನೆಯ ಬಾರಿ ಮಿಗೆಲ್ ಹಾಡುವಾಗ ಅದು ತಲುಪಬೇಕಾದ ಕಿವಿಯನ್ನು ದಶಕಗಳ ನಂತರ ತಲುಪುತ್ತದೆ. ಮಗಳಿಗಾಗಿ ಬರೆದ ಹಾಡನ್ನು ಲೋಕವೆಲ್ಲ ಕೇಳಿತ್ತು. ಆದರೆ ಅವಳ ಮನೆಯಲ್ಲಿ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ಪ್ರೇಕ್ಷಕನಿಗೆ ರಾಗವೂ ಪದಗಳೂ ಆಗಲೇ ಪರಿಚಿತವಾಗಿರುವುದರಿಂದ ಇಲ್ಲಿ ಹೊಸದಾಗಿ ಏನನ್ನೂ ವಿವರಿಸಬೇಕಾಗಿಲ್ಲ. ಕೊಕೊ ನೆನಪಿಸಿಕೊಳ್ಳುವ ಹೊತ್ತಿಗೆ ಪ್ರೇಕ್ಷಕನೂ ನೆನಪಿಸಿಕೊಳ್ಳುತ್ತಿರುತ್ತಾನೆ.

ತಿಳಿದವರು ಮತ್ತು ತಿಳಿಯದವರು

ದೃಶ್ಯದ ತೀವ್ರತೆಗೆ ಇನ್ನೊಂದು ಕಾರಣವು ತಿಳಿವಳಿಕೆಯ ಅಂತರವಾಗಿದೆ. ಕೋಣೆಯಲ್ಲಿರುವ ಕುಟುಂಬದವರ ಪಾಲಿಗೆ ಇದು ಅಜ್ಜಿಯೊಬ್ಬಳು ಕ್ಷಣಕಾಲ ಎಚ್ಚೆತ್ತ ಘಟನೆ. ಮಿಗೆಲ್ ಮತ್ತು ಪ್ರೇಕ್ಷಕರಿಗೆ ಮಾತ್ರ ಇದು ಒಬ್ಬ ವ್ಯಕ್ತಿಯ ಅಳಿವು ಉಳಿವಿನ ಪ್ರಶ್ನೆ. ಅಂತಿಮ ಮರಣವೆಂದರೇನೆಂಬುದನ್ನು ಚಿತ್ರವು ಮೊದಲೇ, ಚಿಚರೋನ್ ಎಂಬ ಪಾತ್ರವು ಕಣ್ಣೆದುರಿಗೇ ಕರಗಿಹೋಗುವುದರ ಮೂಲಕ ತೋರಿಸಿರುತ್ತದೆ. ಹಾಡು ನಡೆಯುವಾಗ ದೃಶ್ಯವು ಒಮ್ಮೆಯೂ ಮೃತರ ಲೋಕದತ್ತ ತಿರುಗುವುದಿಲ್ಲ. ಹೆಕ್ಟರ್ ಉಳಿದನೇ ಎಂಬ ಪ್ರಶ್ನೆಗೆ ಉತ್ತರ ಆಗ ದೊರೆಯದ ಕಾರಣ ನೋಡುಗರ ಗಮನವೆಲ್ಲ ವೃದ್ಧೆಯ ಮುಖದ ಮೇಲೆಯೇ ನಿಲ್ಲುತ್ತದೆ.

ಮೃತರ ಲೋಕದ ಭಾಗಗಳು ದೀಪಗಳಿಂದ, ಬಣ್ಣಗಳಿಂದ ಮತ್ತು ಜನಸಂದಣಿಯಿಂದ ತುಂಬಿವೆ. ಪರಾಕಾಷ್ಠೆಯ ದೃಶ್ಯದಲ್ಲಿ ಇವೆಲ್ಲವನ್ನೂ ಕೈಬಿಡಲಾಗಿದೆ. ಸುಕ್ಕುಗಟ್ಟಿದ ಮುಖದಲ್ಲಿನ ಅತಿ ಸಣ್ಣ ಚಲನೆಗಳೇ ಇಲ್ಲಿನ ಘಟನೆಗಳು. ಮಿಗೆಲ್‌ಗೆ ಆಂಥೊನಿ ಗೊನ್ಸಾಲೆಸ್, ಮಾಮಾ ಕೊಕೊಳಿಗೆ ಮೆಕ್ಸಿಕೊದ ಹಿರಿಯ ನಟಿ ಅನಾ ಒಫೆಲಿಯಾ ಮುರ್ಗಿಯಾ ಕಂಠ ನೀಡಿದ್ದಾರೆ.

ಸಂಗೀತ ಮತ್ತು ಸ್ಮೃತಿ

ಕೊಕೊಳ ಕಾಯಿಲೆಗೆ ಚಿತ್ರವು ಹೆಸರಿಟ್ಟಿಲ್ಲ. ಆದರೆ ಮರೆವಿನ ಕಾಯಿಲೆಯಿರುವ ವೃದ್ಧರನ್ನು ಆರೈಕೆ ಮಾಡಿದವರಿಗೆ ಈ ಸನ್ನಿವೇಶವು ಅಪರಿಚಿತವೆನಿಸದು. ಆಲ್‌ಝೈಮರ್ಸ್ ಮುಂತಾದ ಕಾಯಿಲೆಗಳಲ್ಲಿ ಇತ್ತೀಚಿನ ಘಟನೆಗಳೂ ಆಪ್ತರ ಹೆಸರುಗಳೂ ಮರೆತುಹೋದ ಮೇಲೂ ಚಿಕ್ಕಂದಿನಲ್ಲಿ ಕೇಳಿದ ಹಾಡುಗಳ ನೆನಪು ಹಲವರಲ್ಲಿ ಉಳಿದಿರುತ್ತದೆ. ಪರಿಚಿತ ಹಾಡು ಕೇಳಿದಾಗ ರೋಗಿಯು ಸ್ವಲ್ಪ ಹೊತ್ತು ಚುರುಕಾಗಿ, ತಾನೂ ದನಿಗೂಡಿಸುವುದುಂಟು. ಇದರಿಂದ ಕಾಯಿಲೆ ಗುಣವಾಗುವುದಿಲ್ಲ. ಚಿತ್ರವೂ ಹಾಗೆ ಹೇಳುವುದಿಲ್ಲ. ಒಂದು ವರ್ಷದ ನಂತರದ ಮೃತರ ದಿನವನ್ನು ತೋರಿಸುವ ಮುಂದಿನ ಭಾಗದಲ್ಲಿ ಕೊಕೊಳ ಭಾವಚಿತ್ರವೂ ಒಫ್ರೆಂದಾದ ಮೇಲಿರುತ್ತದೆ. ಆಕೆ ತೀರಿಕೊಂಡಿರುವುದನ್ನು ಪ್ರೇಕ್ಷಕರು ಅದರಿಂದಲೇ ತಿಳಿಯುತ್ತಾರೆ. ಪಕ್ಕದಲ್ಲಿ ಹೆಕ್ಟರ್‌ನ ಮುಖದ ತುಣುಕನ್ನು ಜೋಡಿಸಿದ ಹಳೆಯ ಛಾಯಾಚಿತ್ರವಿದೆ. ತಂದೆ, ತಾಯಿ ಮತ್ತು ಮಗಳು ಒಟ್ಟಾಗಿ ಸೇತುವೆ ದಾಟಿ ಬರುತ್ತಾರೆ.

ಹೀಗೆ ದೃಶ್ಯವು ಸಾವನ್ನಾಗಲಿ ಮರೆವನ್ನಾಗಲಿ ಗೆಲ್ಲುವುದಿಲ್ಲ. ನೆನಪು ನಂದುವ ಮುನ್ನ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು ಎಂಬುದಷ್ಟೇ ಅಲ್ಲಿ ಸಿಗುವ ಸಮಾಧಾನ. ಕೊಕೊ ತಂದೆಯ ಬಗ್ಗೆ ಮಾತನಾಡತೊಡಗಿದಾಗ ಮನೆಯವರೆಲ್ಲ ಸುತ್ತ ನೆರೆದು ಕೇಳುತ್ತಾರೆ. ಅಲ್ಲಿಂದ ಮುಂದೆ ಹೆಕ್ಟರ್‌ನ ಇರವು ಆಕೆಯೊಬ್ಬಳನ್ನೇ ಅವಲಂಬಿಸಿರುವುದಿಲ್ಲ.

ಮನ್ನಣೆ

ಮೃತರ ದಿನದ ಆಚರಣೆಗೆ ಹೊಂದಿಕೊಂಡು ಚಿತ್ರವು ಅಮೆರಿಕಕ್ಕಿಂತ ಮೊದಲು, ೨೦೧೭ರ ಅಕ್ಟೋಬರ್ ೨೭ರಂದು ಮೆಕ್ಸಿಕೊದಲ್ಲಿ ಬಿಡುಗಡೆಯಾಯಿತು. ವಿಶ್ವಾದ್ಯಂತ ೮೦ ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ೨೦೧೮ರ ಮಾರ್ಚ್‌ನಲ್ಲಿ ನಡೆದ ೯೦ನೆಯ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ 'ಕೊಕೊ' ಅತ್ಯುತ್ತಮ ಆನಿಮೇಷನ್ ಚಿತ್ರ ಪ್ರಶಸ್ತಿಯನ್ನೂ, 'ರಿಮೆಂಬರ್ ಮಿ' ಅತ್ಯುತ್ತಮ ಮೂಲಗೀತೆ ಪ್ರಶಸ್ತಿಯನ್ನೂ ಪಡೆದವು.