ಯಾವ ಮೊಲಕ್ಕೆ ಮನೆ ಬೇಕು?

ಸಕ್ಕರೆ ಕಾರ್ಖಾನೆಗಳು ಚಾಲೂ ಆದವೆಂದರೆ ಜಮಖಂಡಿ, ಮುಧೋಳ ಭಾಗದಲ್ಲಿ ಕಬ್ಬಿನ ಕಟಾವು ಶುರುವಾಗುತ್ತದೆ. ಆಗ ರವದಿಯ ನಡುವೆ ಒಮ್ಮೊಮ್ಮೆ ಅಂಗೈಯಗಲದ ಕಂದು ಮರಿಯೊಂದು ಕಣ್ಣು ಬಿಟ್ಟುಕೊಂಡು, ಅಲುಗಾಡದೆ ಕೂತಿರುತ್ತದೆ. ಸುತ್ತ ತಾಯಿ ಕಾಣುವುದಿಲ್ಲ. ಪಾಪ, ಅನಾಥ ಮರಿ ಎಂದು ಮರುಗಿ ಮನೆಗೆ ತರುವವರಿದ್ದಾರೆ. ಇತ್ತ ಊರೊಳಗೆ, ಮಕ್ಕಳ ಹಟಕ್ಕೆ ತಂದ ಬಿಳಿ ಮೊಲ ಬೆಳೆದು ದೊಡ್ಡದಾಗಿ, ಯಾರಾದರೂ ಒಯ್ದರೆ ಸಾಕು ಎನ್ನುವ ಸ್ಥಿತಿಗೆ ಬಂದಿರುತ್ತದೆ. ಹೊಲದ ಮರಿಗೆ ನಮ್ಮ ಮನೆ ಬೇಡ. ಬಿಳಿ ಮೊಲಕ್ಕೆ ಮನೆ ಬಿಟ್ಟರೆ ಬೇರೆ ಗತಿಯಿಲ್ಲ.

ಕಬ್ಬಿನ ಹೊಲದ್ದು ಭಾರತೀಯ ಕಾಡುಮೊಲ, ಲೆಪಸ್ ನೈಗ್ರಿಕೋಲಿಸ್. ಹಿಂಗತ್ತಿನ ಮೇಲೆ ಕಪ್ಪು ಮಚ್ಚೆ ಇದರ ಗುರುತು. ಇದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಬಯಲಲ್ಲೇ ಮರಿ ಹಾಕುತ್ತದೆ. ಅದಕ್ಕೇ ಮರಿಗಳು ಮೈತುಂಬ ಕೂದಲು, ತೆರೆದ ಕಣ್ಣುಗಳೊಂದಿಗೇ ಹುಟ್ಟುತ್ತವೆ. ತಾಯಿ ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಕೆಲವೇ ನಿಮಿಷ ಹಾಲೂಡಿ ಹೋಗುತ್ತದೆ. ಜೊತೆಗೇ ಇದ್ದರೆ ನರಿ, ನಾಯಿಗಳಿಗೆ ಜಾಡು ಸಿಗುತ್ತದೆ. ಹೀಗಾಗಿ ಒಂಟಿ ಮರಿ ಅನಾಥ ಮರಿಯಲ್ಲ. ರವದಿಗೆ ಬೆಂಕಿ ಹಚ್ಚುವುದಿದ್ದರೆ ಅದನ್ನು ಪಕ್ಕದ ಬದುವಿನ ನೆರಳಿಗೆ ಸರಿಸಿಟ್ಟು ದೂರ ನಿಲ್ಲಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ರಕ್ಷಿತ ಪ್ರಾಣಿ, ಮನೆಯಲ್ಲಿ ಸಾಕುವಂತಿಲ್ಲ.

ಬಿಳಿ ಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ಬಣ್ಣ, ಗಾತ್ರ ಏನೇ ಇರಲಿ, ಸಾಕುಮೊಲದ ಎಲ್ಲ ತಳಿಗಳೂ ಯುರೋಪಿನ ಒಂದೇ ಜಾತಿಯಿಂದ ಬಂದವು. ಅದು ಬಿಲವಾಸಿ, ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟಿ, ಸುಮಾರು ಹತ್ತು ದಿನಕ್ಕೆ ಕಣ್ಣು ಬಿಡುತ್ತವೆ. ಕಾಡುಮೊಲದ ವರ್ಣತಂತುಗಳು 48, ಇದರವು 44. ಇವೆರಡರ ನಡುವೆ ಸಂತಾನವಾಗುವುದಿಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿ ಚಿಂಕಾರ ವನ್ಯಧಾಮದ ಕುರುಚಲು ಕಾಡು ಕಾಡುಮೊಲಕ್ಕೆ ತವರು. ಸಾಕುಮೊಲವನ್ನು ಅಲ್ಲಿ ಬಿಟ್ಟರೆ ಬಿಡುಗಡೆ ಮಾಡಿದಂತಲ್ಲ, ಸಾವಿಗೆ ಒಪ್ಪಿಸಿದಂತೆ.

ಹಾಗಾದರೆ ಅದಕ್ಕೆ ಎಂಥ ಮನೆ ಬೇಕು? ಅದರ ದೇಹವೇ ಇದಕ್ಕೆ ಉತ್ತರ ಹೇಳುತ್ತದೆ.

ಮೊದಲು ಬಾಯಿ. ಮೊಲ ಇಲಿಯ ಬಳಗದ್ದಲ್ಲ. ಮೇಲಿನ ಎರಡು ಬಾಚಿಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲುಗಳಿರುವುದು ಇದರ ಗುರುತು. ಒಟ್ಟು 28 ಹಲ್ಲುಗಳೂ ಬದುಕಿಡೀ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಎರಡು ಮಿಲಿಮೀಟರ್‌ಗೂ ಹೆಚ್ಚು. ನಾರಿರುವ ಮೇವನ್ನು ಗಂಟೆಗಟ್ಟಲೆ ಅಗಿದರಷ್ಟೇ ಅವು ಸವೆಯುತ್ತವೆ. ಗಜ್ಜರಿ, ಬಿಸ್ಕತ್ತು ಈ ಕೆಲಸ ಮಾಡಲಾರವು. ಒಣಗಿದ ಹುಲ್ಲು ಯಾವಾಗಲೂ ಮುಂದಿರಬೇಕು. ಜೊತೆಗೆ ಕರಿಕೆ, ಕೊತ್ತಂಬರಿ ಇರಲಿ. ಕಬ್ಬು, ಬೆಲ್ಲ ಕೊಡಲೇಬಾರದು. ದನಕ್ಕೆ ವಿಷವಾಗುವ ಎಳೆ ಜೋಳದ ಹಸಿ ಮೇವೂ ಬೇಡ.

ಸಕ್ಕರೆ ಯಾಕೆ ಬೇಡ? ಮೊಲದ ಹೊಟ್ಟೆಯಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅದರೊಳಗಿನ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಪ್ರೋಟೀನು, ಬಿ ಜೀವಸತ್ವ ತಯಾರಿಸುತ್ತವೆ. ಈ ಸಾರ ಮೆತ್ತನೆಯ ಉಂಡೆಯಾಗಿ ಹೊರಬಂದಾಗ ಮೊಲ ಅದನ್ನು ಗುದದಿಂದಲೇ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ನೋಡಿ ಅಸಹ್ಯಪಡಬೇಡಿ, ತಡೆಯಬೇಡಿ. ಅದು ಅದರ ಎರಡನೇ ಊಟ. ಸಕ್ಕರೆ, ಹಿಟ್ಟಿನ ಪದಾರ್ಥ ಹೆಚ್ಚಾದರೆ ಈ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ. ಅಂಗಡಿಯಿಂದ ತಂದ ಅಮಾಕ್ಸಿಸಿಲಿನ್ ಮಾತ್ರೆ ಬಾಯಿಗೆ ಹಾಕಿದರೂ ಅದೇ ಗತಿ, ಮೊಲ ಸಾಯಬಹುದು. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಕೂತ ಮೊಲವನ್ನು ನಾಳೆ ನೋಡೋಣ ಎಂದು ಬಿಡಬೇಡಿ, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳು ಇದನ್ನು ನೆನಪಿಡಬೇಕು. ನುಂಗಿದ ನೂಲು ಕರುಳಲ್ಲೇ ಸಿಕ್ಕಿಕೊಳ್ಳುತ್ತದೆ. ಮಗ್ಗದ ವಿದ್ಯುತ್ ತಂತಿ ಕಡಿದರೆ ಅಲ್ಲೇ ಪ್ರಾಣ ಹೋಗುತ್ತದೆ. ಸಣ್ಣ ಸಪ್ಪಳಕ್ಕೂ ನಿಮಿರುವ ಕಿವಿಗೆ ಮಗ್ಗದ ಸದ್ದು ನಿತ್ಯದ ಹಿಂಸೆ. ಮಗ್ಗವಿರುವ ಕೋಣೆಯಿಂದ ದೂರದಲ್ಲಿ ಜಾಗವಿದ್ದರೆ ಮಾತ್ರ ತನ್ನಿ.

ಆ ಕಿವಿಗೆ ಇನ್ನೊಂದು ಕೆಲಸವಿದೆ. ಮೊಲ ಬೆವರಿ ಮೈ ತಣಿಸಿಕೊಳ್ಳಲಾರದು. ಕಿವಿಯ ತೆಳು ಚರ್ಮದಡಿಯ ರಕ್ತನಾಳಗಳ ಮೂಲಕ ಶಾಖ ಹೊರಹಾಕುತ್ತದೆ. ಗಾಳಿಯೇ ಕಾದಾಗ ಈ ಉಪಾಯ ನಡೆಯದು. 30 ಡಿಗ್ರಿ ದಾಟಿದರೆ ಅದಕ್ಕೆ ಅಪಾಯ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ 40 ಮುಟ್ಟುತ್ತದೆ. ಪತ್ರಾಸಿನ ಕೆಳಗಿನ ಪಂಜರ ಅದಕ್ಕೆ ಒಲೆಯೇ. ತಂಪು ಪರ್ಸಿಯ ನೆಲ, ಗಾಳಿಯಾಡುವ ನೆರಳು, ತಣ್ಣೀರು, ಬಟ್ಟೆ ಸುತ್ತಿದ ಐಸ್ ಬಾಟಲಿ ಬೇಕು. ಕಿವಿ ಹಿಡಿದು ಎತ್ತುವುದು ಕ್ರೌರ್ಯ. ಎಲುಬು ಹಗುರ, ಹಿಂಗಾಲು ಬಲಿಷ್ಠ. ಗಾಬರಿಯಿಂದ ಒದ್ದುಕೊಂಡರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗಕ್ಕೆ ಕೊಟ್ಟು ಎತ್ತಿ. ಮುಧೋಳ ನಾಯಿ ಇರುವ ಮನೆಗೆ ಮೊಲ ತರುವುದೇ ಬೇಡ. ಓಡುವ ಬೇಟೆಯನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟಲೆಂದು ಬೆಳೆಸಿದ ತಳಿ ಅದು.

ಜೋಡಿ ತರುವ ಮುನ್ನ ಲೆಕ್ಕ ಹಾಕಿ. ಗರ್ಭದ ಅವಧಿ ಸುಮಾರು 31 ದಿನ, ಹೆತ್ತ ಕೂಡಲೇ ಹೆಣ್ಣು ಮತ್ತೆ ಗಬ್ಬವಾಗಬಲ್ಲದು. ಊರಲ್ಲಿ ಬೇಡವಾದ ಮೊಲಗಳು ಹೆಚ್ಚುವುದು ಹೀಗೆಯೇ. ಗಂಡು-ಹೆಣ್ಣನ್ನು ಬೇರೆಯಿಡಿ, ಸಂತಾನಹರಣ ಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ಕೇಳಿ.

ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ; ಇಂದು ಹಟ ಹಿಡಿದ ಒಂದನೇ ಇಯತ್ತೆಯ ಮಗು ಕಾಲೇಜಿಗೆ ಹೋಗುವವರೆಗೆ. ಅಷ್ಟು ವರ್ಷದ ಹೊಣೆಗೆ ಮನಸ್ಸಿದ್ದರೆ ಅಂಗಡಿಯ ಮರಿ ಕೊಳ್ಳಬೇಡಿ. ನಿಮ್ಮ ಓಣಿಯಲ್ಲೇ ಯಾರಿಗೋ ಬೇಡವಾದ ಮೊಲವಿದ್ದರೆ ಕೇಳಿ ತನ್ನಿ. ಹೊಲದ ಮರಿಯನ್ನು ಮಾತ್ರ ಅದರ ತಾಯಿಗೇ ಬಿಡಿ.