ಕೋಳಿ ಸಾಕಿದೋರು ಯಾರಾದ್ರೂ ಇದ್ರಾ?

ಯುಗಾದಿ ಮಾರನೇ ದಿನ ಹಾಸನದ ಸುತ್ತಮುತ್ತಲ ಹಳ್ಳಿಗಳಿಗೆ ಹೋದರೆ, ಊರು ಕಾಣೋಕೆ ಮೊದಲೇ ಮಸಾಲೆ ವಾಸನೆ ಬರುತ್ತೆ. ಅದು ವರ್ಷತೊಡಕು. ಹಿಂದಿನ ದಿನ ಬೇವು-ಬೆಲ್ಲ, ಒಬ್ಬಟ್ಟು. ಮಾರನೇ ದಿನ ಬಾಡು. ಅಂಥದ್ದೊಂದು ವರ್ಷತೊಡಕಿನ ದಿನ ನಾನು ಬೂವನಹಳ್ಳಿಯಲ್ಲಿದ್ದೆ. ಹಾಸನದ ವಿಮಾನ ನಿಲ್ದಾಣದ ಸುದ್ದಿ ಬಂದಾಗೆಲ್ಲ ನೀವು ಕೇಳಿರುವ ಹೆಸರು. ನಾವು ಹೋಗಿದ್ದೂ ಅದೇ ಕೆಲಸಕ್ಕೆ. ಮಧ್ಯಾಹ್ನವಾಯ್ತು. ನಮ್ಮ ಕ್ಯಾಮೆರಾಮನ್, 'ದೊಡ್ಡಮ್ಮನ ಮನೆ ಇಲ್ಲೇ ಇದೆ ಸರ್, ಊಟಕ್ಕೆ ಹೋಗದೇ ಇದ್ರೆ ಬಯ್ತಾರೆ' ಅಂದ. ಹೋದ್ವಿ.

ಎಲೆ ಹಾಕಿದ್ರು. ಮುದ್ದೆ ಬಂತು. ಹಿಂದೆಯೇ ಮರಿ ಬಾಡಿನ ಸಾರು ಬಂತು. ನಾನು ಕೈ ಅಡ್ಡ ಹಿಡಿದು, 'ಅಮ್ಮಾ, ನಾನು ಬಾಡು ತಿನ್ನಲ್ಲ' ಅಂದೆ.

'ಯಾಕಪ್ಪಾ, ಇವತ್ತು ವಾರವಾ?' ಅಂದ್ರು. ಸೋಮವಾರ, ಶನಿವಾರ ಬಾಡು ಮುಟ್ಟದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಅದಕ್ಕೆ ಆ ಪ್ರಶ್ನೆ. ಇಲ್ಲಮ್ಮ, ಬಿಟ್ಟುಬಿಟ್ಟಿದೀನಿ ಅಂದೆ. 'ಓ, ಐನೋರಾ ನೀವು?' ಅಂತ ಸಾರಿನ ಸೌಟು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದ್ರು. ಅಲ್ಲಮ್ಮ, ನಾನೂ ಮುದ್ದೆ-ಬಾಡು ತಿಂದೇ ಬೆಳೆದೋನು ಅಂದ ಮೇಲೆ ಅವರಿಗೆ ಇನ್ನೂ ಗೊಂದಲ. ಕೊನೆಗೆ 'ನಿನ್ನೆ ಒಬ್ಬಟ್ಟಿನ ಸಾರೈತೆ, ಬಿಸಿ ಮಾಡ್ತೀನಿ ಇರಿ' ಅಂತ ಒಳಗೆ ಹೋದ್ರು. ಒಬ್ಬಟ್ಟಿನ ಸಾರು ಮಾರನೇ ದಿನಕ್ಕೇ ರುಚಿ. ನನಗೇನೂ ನಷ್ಟ ಆಗಲಿಲ್ಲ.

ಊಟ ಮುಗಿಸಿ ಜಗುಲಿ ಮೇಲೆ ಕೂತಾಗ ಆಯಮ್ಮ ಎಲೆ-ಅಡಿಕೆ ತಟ್ಟೆ ಮುಂದಿಟ್ಟು ಒಂದು ಮಾತು ಕೇಳಿದ್ರು. 'ಅಲ್ಲಾ, ಸ್ಕೂಲಲ್ಲಿ ಮೊಟ್ಟೆ ಕೊಡೋದಕ್ಕೆ ನಿಮ್ ಟೀವಿಲಿ ಅಷ್ಟು ಜನ ಕಿತ್ತಾಡ್ತಿದ್ರಲ್ಲ, ಅವರಲ್ಲಿ ಕೋಳಿ ಸಾಕಿದೋರು ಯಾರಾದ್ರೂ ಇದ್ರಾ?'

ಇರಲಿಲ್ಲ. ಒಬ್ಬರೂ ಇರಲಿಲ್ಲ.

ಆ ಚರ್ಚೆ ನಡೆಸಿದೋನು ನಾನೇ. ತೆರೆ ಮೇಲೆ ನಾಲ್ಕು ಕಿಟಕಿ. ಒಂದರಲ್ಲಿ ಧರ್ಮದ ಪರವಾಗಿ ಒಬ್ಬರು, ಇನ್ನೊಂದರಲ್ಲಿ ಆಹಾರದ ಹಕ್ಕಿನ ಪರವಾಗಿ ಒಬ್ಬರು, ಉಳಿದೆರಡರಲ್ಲಿ ಪಕ್ಷದೋರು. ಒಂದು ಗಂಟೆ ಕೂಗಾಡಿದ್ವಿ. ಇಡೀ ಒಂದು ಗಂಟೆಯಲ್ಲಿ ಕೋಳಿ ಅನ್ನೋ ಪದ ಬಂದಿದ್ದು ಬಹುಶಃ ಎರಡೋ ಮೂರೋ ಸಲ, ಅದೂ ಗಾದೆ ಮಾತಿನಲ್ಲಿ.

ವಿಷಯ ನಿಮಗೆ ನೆನಪಿದೆ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಸರ್ಕಾರ ಶುರು ಮಾಡಿತು. ಅಪೌಷ್ಟಿಕತೆ, ರಕ್ತಹೀನತೆ ಜಾಸ್ತಿ ಇರೋ ಜಿಲ್ಲೆಗಳು. ಮೊಟ್ಟೆ ಬೇಡ ಅನ್ನೋ ಮಗುವಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಬಾಲಕಿ, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿಂತೀವಿ ಅಂತ ಮೈಕ್ ಮುಂದೆ ಹೇಳಿದ್ದು ರಾಜ್ಯದ ತುಂಬ ಹರಿದಾಡಿತು. ಆಮೇಲೆ ಯೋಜನೆ ಎಲ್ಲ ಜಿಲ್ಲೆಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡೋಕೆ ಒಪ್ಪಿದ ಮೇಲೆ ವಾರಕ್ಕೆ ಆರು ದಿನವಾಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಯಾಕಿಲ್ಲ ಅನ್ನೋ ಗಲಾಟೆ. 2025ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ, ಪಕ್ಕದಲ್ಲೇ ದೇವಸ್ಥಾನ ಇದೆ, ಶಾಲೆಯಲ್ಲಿ ಮೊಟ್ಟೆ ಬೇಯಿಸಬೇಡಿ ಅಂತ ಹಟ ಹಿಡಿದು ಹಲವು ಪೋಷಕರು ಮಕ್ಕಳ ಟಿಸಿ ತೆಗೆದುಕೊಂಡರು. ಪ್ರತಿ ಸಲವೂ ನಾವು ಅದೇ ನಾಲ್ಕು ಕಿಟಕಿ ತೆರೆದೆವು.

ಈ ಜಗಳ ಯಾಕೆ ಯಾವತ್ತೂ ಮುಗಿಯಲ್ಲ ಗೊತ್ತಾ? ನಮ್ಮಲ್ಲಿ 'ತಿನ್ನಲ್ಲ' ಅನ್ನೋ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ಕಾರಣಗಳಿವೆ. ಒಂದು ಮಡಿ, ಇನ್ನೊಂದು ಮರುಕ. ಮಡಿಗೆ ಪ್ರಾಣಿಯ ಗೊಡವೆ ಇಲ್ಲ. ಅದರ ಚಿಂತೆಯೆಲ್ಲ ತಿನ್ನೋನು ಶುದ್ಧವಾಗಿದಾನಾ, ಪಕ್ಕದಲ್ಲಿ ಕೂತೋನು ಯಾರು, ಪಾತ್ರೆಯಲ್ಲಿ ಮೊದಲು ಏನು ಬೆಂದಿತ್ತು ಅನ್ನೋದು. ಹೋಟೆಲ್ ಬೋರ್ಡಿನ ಮೇಲೆ 'ಶುದ್ಧ ಸಸ್ಯಾಹಾರಿ' ಅಂತ ಬರೀತೀವಲ್ಲ, ಆ ಶುದ್ಧ ಅನ್ನೋ ಪದ ಯಾರ ಕಿವಿಗೆ ಹೇಗೆ ಕೇಳಿಸುತ್ತೆ ಅಂತ ಯೋಚನೆ ಮಾಡಿ. ನೀವು ಶುದ್ಧವಾದರೆ ಮಿಕ್ಕವರು ಏನು? ಕೇಂದ್ರದ 2014ರ ಮಾದರಿ ನೋಂದಣಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಹೆಚ್ಚುಕಮ್ಮಿ ಎಂಟು ಮಂದಿ ಮಾಂಸಾಹಾರಿಗಳು. ಆ ಎಂಟು ಜನರ ಪೈಕಿ ಬಹಳ ಮಂದಿ ಬಾಡಿಗೆ ಮನೆ ಕೇಳೋಕೆ ಹೋದಾಗ, ಹಾಸ್ಟೆಲಿನಲ್ಲಿ ಊಟಕ್ಕೆ ಕೂತಾಗ, ಈ ಮಡಿಯ ಪೆಟ್ಟು ತಿಂದೋರು. ಅವರ ಎದುರಿಗೆ ಯಾರಾದರೂ ಪ್ರಾಣಿದಯೆ ಅಂದಕೂಡಲೇ ಅವರಿಗೆ ಕೇಳಿಸೋದು ಜಾತಿ. ಅದು ಅವರ ತಪ್ಪಲ್ಲ ಸ್ವಾಮಿ. ನನಗೂ ಊರಿನಲ್ಲಿ ಅದೇ ಆಯ್ತು. ಬಾಡು ಬಿಟ್ಟೆ ಅಂದ ದಿನ ನಮ್ಮ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ, 'ಯಾವಾಗಿಂದ್ಲೋ ಜನಿವಾರ?'

ಮರುಕದ ದಾರಿಯೂ ಇದೇ ಜಿಲ್ಲೆಯದ್ದು, ಅದನ್ನ ಮರೀಬಾರದು. ಬಾಹುಬಲಿ ನಿಂತಿರೋ ಶ್ರವಣಬೆಳಗೊಳ ಇರೋದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಹೊಯ್ಸಳರ ರಾಜಧಾನಿ ದ್ವಾರಸಮುದ್ರ, ಅಂದರೆ ಇವತ್ತಿನ ಹಳೇಬೀಡು, ಇರೋದೂ ಹಾಸನದಲ್ಲೇ. ಅಲ್ಲಿನ ವೀರಬಲ್ಲಾಳನಿಂದ ಕವಿಚಕ್ರವರ್ತಿ ಅನ್ನಿಸಿಕೊಂಡ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಓದಿ ಮರೆತಿರ್ತೀರ. ಕಥೆ ಇಷ್ಟು. ರಾಜ ಯಶೋಧರನಿಗೆ ಅವನ ತಾಯಿ ದೇವಿಗೆ ಬಲಿ ಕೊಡು ಅಂತಾಳೆ. ಕೊಲ್ಲೋಕೆ ಅವನಿಗೆ ಮನಸ್ಸಿಲ್ಲ, ತಾಯಿ ಮಾತು ಮೀರೋಕೂ ಆಗಲ್ಲ. ಹಾಗಾಗಿ ಹಿಟ್ಟಿನಲ್ಲಿ ಒಂದು ಕೋಳಿ ಮಾಡಿ ಅದನ್ನ ಕಡೀತಾರೆ. ಕಡಿದಾಗ ಹಿಟ್ಟಿನ ಕೋಳಿ ಕೂಗಿಬಿಡುತ್ತೆ. ಆಮೇಲೆ ತಾಯಿ-ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ, ಒಂದರ ಹಿಂದೊಂದು ಸಾವು ಅನುಭವಿಸ್ತಾರೆ. ಹಿಟ್ಟಿನ ಕೋಳಿಗೇ ಇಷ್ಟಾದರೆ ಅನ್ನೋದು ಜನ್ನನ ಲೆಕ್ಕ. ಅದನ್ನ ನೀವು ಒಪ್ಪಬೇಕಾಗಿಲ್ಲ. ನನಗೂ ಅದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತೆ. ಆದರೆ ಒಂದು ನೋಡಿ, ಎಂಟುನೂರು ವರ್ಷದ ಹಿಂದಿನ ಆ ಚರ್ಚೆಯಲ್ಲಿ ಕೋಳಿಗೆ ದನಿ ಇತ್ತು. ನನ್ನ ಒಂದು ಗಂಟೆ ಕಾರ್ಯಕ್ರಮದಲ್ಲಿ ಇರಲಿಲ್ಲ.

ಹಾಗಾದರೆ ಮೊಟ್ಟೆ ಇಡೋ ಕೋಳಿ ಎಲ್ಲಿರುತ್ತೆ? ಸಂತೆಯಲ್ಲಿ ಸಿಗೋ ನಾಟಿ ಕೋಳಿ ಮೊಟ್ಟೆ ಬಿಡಿ, ಅಂಗಡಿಯಲ್ಲಿ ಟ್ರೇ ಲೆಕ್ಕದಲ್ಲಿ ಬರೋದರ ಬಗ್ಗೆ ಹೇಳ್ತಿದೀನಿ. ಅದರಲ್ಲಿ ಹೆಚ್ಚಿನದು ಬರೋದು ತಂತಿ ಪಂಜರಗಳಿಂದ. ನಿಮ್ಮ ಆಫೀಸಿನ ಜೆರಾಕ್ಸ್ ಮೆಷಿನ್ನಿಗೆ ಹಾಕೋ ಎ4 ಹಾಳೆ ಇದೆಯಲ್ಲ, ಒಂದು ಕೋಳಿಗೆ ಸಿಗೋ ಜಾಗ ಸಾಮಾನ್ಯವಾಗಿ ಅಷ್ಟೂ ಇರಲ್ಲ. ರೆಕ್ಕೆ ಬಿಚ್ಚೋಕೆ ಆಗಲ್ಲ. ಮಣ್ಣು ಕೆದಕೋಕೆ ಮಣ್ಣೇ ಇಲ್ಲ, ಕಾಲಡಿ ತಂತಿ. ವರ್ಷಕ್ಕೆ ಸುಮಾರು 300 ಮೊಟ್ಟೆ. ಒಂದೂವರೆ ವರ್ಷ ಆಗೋ ಹೊತ್ತಿಗೆ ಇಳುವರಿ ಕಮ್ಮಿ ಆಯ್ತು ಅಂತ ಕಟುಕನ ಪಾಲು. ಇನ್ನು ಗಂಡು ಮರಿ? ಅದು ಮೊಟ್ಟೆ ಇಡಲ್ಲ. ಬ್ರಾಯ್ಲರ್ ತಳಿ ಆರು ವಾರಕ್ಕೆ ಎರಡು ಕೆಜಿ ತೂಗುತ್ತೆ, ಈ ತಳಿಯ ಗಂಡು ಹಾಗೆ ಮೈ ಕಟ್ಟಲ್ಲ. ಹಾಗಾಗಿ ಮೊಟ್ಟೆ ತಳಿಯ ಗಂಡು ಮರಿಗಳನ್ನ ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಕೊಂದು ಹಾಕೋದು ಈ ಉದ್ಯಮದ ಮಾಮೂಲಿ ಪದ್ಧತಿ. 2017ರಲ್ಲಿ ಕಾನೂನು ಆಯೋಗ ಕೋಳಿಗಳ ಸಾಕಣೆ, ಸಾಗಣೆ ಬಗ್ಗೇನೇ ಒಂದು ವರದಿ ಕೊಟ್ಟಿತು, 269ನೇ ವರದಿ. ಯುರೋಪಿನ ಒಕ್ಕೂಟ 2012ರಲ್ಲೇ ಏನೂ ಅನುಕೂಲ ಇಲ್ಲದ ಬರಿ ಪಂಜರಗಳನ್ನ ನಿಷೇಧಿಸಿದೆ.

ನಮ್ಮ ಕಾನೂನು ಏನು ಹೇಳುತ್ತೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಅದರ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ಅನಗತ್ಯ ನೋವು ಕೊಟ್ಟು ಸಾಗಿಸೋದು, ಇಕ್ಕಟ್ಟಿನ ಗೂಡಿನಲ್ಲಿಡೋದು ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಸ್ಕೂಟರಿನ ಹ್ಯಾಂಡಲ್ಲಿಗೆ ಇಪ್ಪತ್ತು ಕೋಳಿ ತಲೆಕೆಳಗಾಗಿ ನೇತುಹಾಕಿಕೊಂಡು ಹೋಗೋನನ್ನ ಪೊಲೀಸರು ಯಾಕೆ ಹಿಡಿಯಲ್ಲ ಅನ್ನೋದಕ್ಕೆ ಬೇರೆ ಉತ್ತರ ಬೇಕಾ? ಅದೇ ನಮ್ಮ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ದಂಡ 50 ಸಾವಿರದಿಂದ 5 ಲಕ್ಷ.

ದನದ ಮಾತು ಬಂತು, ಈಗ ನನ್ನ ಸರದಿ. ನಾನು ಬಾಡು ಬಿಟ್ಟೋನು, ಕಾಫಿ ಬಿಟ್ಟೋನಲ್ಲ. ಹಾಸನ ಹಾಲಿನ ಜಿಲ್ಲೆ, ಬೆಳಗಾದರೆ ಡೇರಿ ಮುಂದೆ ಕ್ಯಾನು. ಹಸು ಹಾಲು ಕೊಡಬೇಕು ಅಂದರೆ ಕರು ಹಾಕಲೇಬೇಕು. ಹುಟ್ಟೋ ಕರುಗಳಲ್ಲಿ ಅರ್ಧ ಗಂಡು. ಹಿಂದೆ ಹಳ್ಳಿಕಾರ್ ಗಂಡು ಕರು ಅಂದರೆ ಸಂಪತ್ತು, ಜೋಡಿ ಕಟ್ಟಿ ಜಾತ್ರೆಗೆ ಹೊಡ್ಕೊಂಡು ಹೋಗ್ತಿದ್ರು. ಎಚ್ಎಫ್ ಗಂಡು ಕರುವನ್ನ ಯಾರು ಕಟ್ಟಿಕೊಳ್ತಾರೆ? ಉಳುಮೆಗೆ ಟ್ರ್ಯಾಕ್ಟರ್ ಇದೆ. ಮಾರೋಣ ಅಂದರೆ ಕಾಯ್ದೆ ಇದೆ, ಕಸಾಯಿಖಾನೆಗೆ ಅವಕಾಶ ಇರೋದು 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ. ಹಾಗಾಗಿ ಎಷ್ಟೋ ಕಡೆ ಆ ಕರು ಹಾಲು ಕಾಣದೆ ಸೊರಗುತ್ತೆ, ಇಲ್ಲಾ ರಾತ್ರೋರಾತ್ರಿ ಯಾವುದೋ ರಸ್ತೆ ಬದಿಯಲ್ಲಿ ಬಿಟ್ಟು ಬರ್ತಾರೆ. ರೈತನನ್ನ ಬಯ್ಯೋದು ಸುಲಭ. ನನ್ನ ಲೋಟದ ಕಾಫಿಯಲ್ಲಿ ಆ ಕರುವಿನ ಪಾಲೂ ಇದೆ. ಹೆಣ್ಣು ಕರುವೇ ಹುಟ್ಟೋ ಹಾಗೆ ಆರಿಸಿದ ವೀರ್ಯದ ಕಡ್ಡಿ ಈಗ ಬಂದಿದೆ, ಅದೊಂದು ಸಮಾಧಾನ.

ಸೊಪ್ಪು-ಸದೆ ತಿಂದೋನ ಕೈಯೂ ಪೂರ್ತಿ ತೊಳೆದಿಲ್ಲ. 2021ರ ಜುಲೈ ಕೊನೆಯಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಹತ್ತಿರ ಚೀಲಗಳಲ್ಲಿ ತುಂಬಿ ಎಸೆದಿದ್ದ 38 ಮಂಗಗಳ ಶವ ಸಿಕ್ಕಿದ್ದು ನೆನಪಿರಬೇಕು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು. ಮಂಗಗಳನ್ನ ಯಾರೂ ಊಟಕ್ಕೆ ಕೊಲ್ಲಲ್ಲ. ಬೆಳೆ ಹಾಳು ಮಾಡೋ ಮಂಗಗಳ ಕಾಟ ಈ ಜಿಲ್ಲೆಯ ರೈತನಿಗೆ ದಿನದ ಗೋಳು, ಅವನ್ನ ಹಿಡಿದು ಸಾಗಿಸೋರಿಗೆ ದುಡ್ಡು ಕೊಡೋ ವ್ಯವಹಾರವೇ ಅಲ್ಲಿದೆ.

ಇಷ್ಟೆಲ್ಲ ಹೇಳ್ತೀಯಲ್ಲ, ಹಾಗಾದರೆ ಶಾಲೆಯಲ್ಲಿ ಮೊಟ್ಟೆ ಬೇಡ್ವಾ ಅಂತ ಕೇಳ್ತೀರ. ಬೇಕು. ನನ್ನ ಅಭಿಪ್ರಾಯದಲ್ಲಿ ಅನುಮಾನವೇ ಇಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೋ ಮಗುವಿನ ತಟ್ಟೆಯಿಂದ ನಮ್ಮ ದಯೆ ಶುರುವಾಗೋದು ಬೇಡ. ಅದನ್ನ ಬಾಳೆಹಣ್ಣು-ಮೊಟ್ಟೆ ಎರಡನ್ನೂ ಕೊಳ್ಳೋ ಶಕ್ತಿ ಇರೋ ನಾನು, ನೀವು ಶುರು ಮಾಡೋಣ. ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನ ಒಂದೂ ಚಾನೆಲ್ ಕೇಳಲಿಲ್ಲ, ನನ್ನದೂ ಸೇರಿದಂತೆ. ಲಕ್ಷಾಂತರ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಅಂದರೆ ಅದು ರಾಜ್ಯದ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದು. ದೊಡ್ಡ ಗಿರಾಕಿ ಷರತ್ತು ಹಾಕಬಹುದು. ಇಂತಿಷ್ಟು ಪಾಲು ಮೊಟ್ಟೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಹಿತ್ತಲಲ್ಲಿ ಸಾಕಿದ ಕೋಳಿಯದ್ದೇ ಆಗಿರಬೇಕು ಅಂದರೆ ಏನಾಗುತ್ತೆ? ರೇಟು ಹೆಚ್ಚಾಗುತ್ತೆ, ಪೂರೈಕೆ ಕಷ್ಟವಾಗುತ್ತೆ, ಅದೆಲ್ಲ ನಿಜ. ಆ ಲೆಕ್ಕವನ್ನೇ ಕೂತು ಜಗಳ ಆಡೋಣ ಬನ್ನಿ. ಅದು ಕೋಳಿಗೂ ಉಪಯೋಗ, ಮಗುವಿಗೂ ಉಪಯೋಗ.

ನಾನು ಯಾಕೆ ಬಿಟ್ಟೆ ಅಂತ ಆಯಮ್ಮನೂ ಕೇಳಿದ್ರು. ದೊಡ್ಡ ತತ್ವ ಏನಿಲ್ಲ. ಒಂದು ರಾತ್ರಿ ಬಿ.ಎಂ. ರಸ್ತೆಯಲ್ಲಿ, ಶಾಂತಿಗ್ರಾಮ ದಾಟಿ ಟೀ ಕುಡಿಯೋಕೆ ನಿಲ್ಲಿಸಿದ್ವಿ. ಪಕ್ಕದಲ್ಲಿ ಫಾರಂ ಕೋಳಿ ಲಾರಿ. ಜಡಿಮಳೆ. ಕ್ರೇಟಿನ ಸಂದಿಯಲ್ಲಿ ಒಂದು ಕೋಳಿಯ ರೆಕ್ಕೆ ಸಿಕ್ಕಿಕೊಂಡು ಮುರಿದಿತ್ತು, ಕಣ್ಣು ಬಿಟ್ಟುಕೊಂಡಿತ್ತು. ಡ್ರೈವರ್‌ಗೆ ಹೇಳಿದೆ. ಬೆಳಗಾಗೋದ್ರೊಳಗೆ ಬೆಂಗಳೂರು ಸೇರಬೇಕು ಸಾರ್ ಅಂದ. ಅವನ ಕಣ್ಣಲ್ಲೂ ನಿದ್ದೆ ಇರಲಿಲ್ಲ. ಅಷ್ಟೇ. ಇದನ್ನ ಹೇಳಿ ನಾನು ಇವತ್ತಿನವರೆಗೂ ಯಾರ ಬಾಯಿಂದಲೂ ಒಂದು ತುತ್ತು ಬಿಡಿಸಿಲ್ಲ. ಶುರುವಿನಲ್ಲಿ ಮನೆಯವರ ಎಲೆ ಮುಂದೆ ಕೂತು ಭಾಷಣ ಮಾಡ್ತಿದ್ದೆ. ಫಲ ಏನಾಯ್ತು ಅಂದರೆ, ನಾನು ಮನೆಯಲ್ಲಿರೋ ಭಾನುವಾರ ಅವರು ಚಿಕ್ಕಪ್ಪನ ಮನೆಗೆ ಊಟಕ್ಕೆ ಹೋಗೋಕೆ ಶುರು ಮಾಡಿದ್ರು. ಈಗ ಊಟದ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡಿರ್ತೀನಿ. ಯಾರಾದರೂ ಕೇಳಿದರೆ ಮಾತ್ರ ಲಾರಿ ಕಥೆ.

ಆಯಮ್ಮ ಅದನ್ನೆಲ್ಲ ಕೇಳಿಸಿಕೊಂಡು, 'ಫಾರಂ ಕೋಳಿ ನಾನೂ ತಿನ್ನಲ್ಲ ಕಣಪ್ಪ, ಅದಕ್ಕೆ ಉಸಿರೇ ಇಲ್ಲ' ಅಂದ್ರು. ಮನೆ ಕೋಳಿಯನ್ನ? 'ನಾನ್ ಸಾಕಿದ್ದನ್ನ ನಾನ್ ಕುಯ್ಯಕಿಲ್ಲ. ನಮ್ಮೆಜಮಾನ್ರು ಕುಯ್ತಾರೆ. ಆವತ್ತು ನಂಗೆ ಅನ್ನ ಸೇರಕಿಲ್ಲ, ಸಾರು ಮಾತ್ರ ಮಾಡ್ಕೊಡ್ತೀನಿ.'

ಹೊರಡೋ ಮುಂಚೆ ಅವರ ಕೋಳಿಗಳದ್ದು ಎರಡು ಶಾಟ್ ತೆಗೆಯೋಣ ಅಂತ ಹಿತ್ತಲಿಗೆ ಹೋದ್ವಿ. ಸೌದೆ ಒಟ್ಟಿದ ಮೂಲೆಯಲ್ಲಿ ಒಂದು ಮಂಕರಿ ಇತ್ತು. ಕ್ಯಾಮೆರಾಮನ್ ಲೈಟ್ ಹಾಕಿದ. ಹಿಂದಿನಿಂದ ದೊಡ್ಡಮ್ಮ ಅವನ ಬೆನ್ನಿಗೊಂದು ಗುದ್ದಿದ್ರು. 'ಲೈಟ್ ಆರಿಸೋ, ಕಾವಿಗೆ ಕೂತೈತೆ.'