ನೀರಿನಡಿಯಲ್ಲಿ ಶ್ವಾಸಯಂತ್ರವು ಕೆಟ್ಟರೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯು ಮಳೆಗಾಗಿ ಮುಗಿಲನ್ನು ನೋಡುವ ನಾಡು. ಇಂತಹ ನಾಡಿನ ಗೃಹಸ್ಥರಿಗೆ ಸಮುದ್ರತಳದ ಮಾತೇಕೆಂದು ವಾಚಕರು ಕೇಳಬಹುದು. ಆದರೆ ಈಗ ರಜೆಯ ದಿನಗಳಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಸ್ಕೂಬಾ ಮುಳುಗುವ ತರುಣರು ಅನೇಕರುಂಟು. ಆದಕಾರಣ ಹೆತ್ತವರೂ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಮೊದಲು ನೀರಿನ ಒತ್ತಡವನ್ನು ತಿಳಿಯೋಣ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ, ಮತ್ತೆ 2022ರಲ್ಲಿ ತುಂಬಿದುದನ್ನು ಬಲ್ಲವರಿಗೆ ಅದರ 130 ಅಡಿಯ ಮಟ್ಟವೂ ಗೊತ್ತು. ಬರಿದಾದ ಕೊಡವೊಂದನ್ನು ಬೋರಲಾಗಿ ಹಿಡಿದು ಅಷ್ಟು ಆಳಕ್ಕೆ ಒಯ್ದರೆ, ಒಳಗಿನ ಗಾಳಿಯು ಕುಗ್ಗಿ ಸುಮಾರು ಐದನೆಯ ಒಂದು ಪಾಲಾಗುವುದು. ಮೇಲಕ್ಕೆ ತಂದರೆ ಅದೇ ಗಾಳಿ ಹಿಗ್ಗಿ ಕೊಡವನ್ನು ತುಂಬುವುದು. ಮನುಷ್ಯನ ಶ್ವಾಸಕೋಶಕ್ಕೂ ಇದೇ ನಿಯಮ. ಕೇವಲ 10 ಮೀಟರ್ ಆಳದಲ್ಲಿ ಎದೆತುಂಬ ಸೇದಿದ ಗಾಳಿಯು ಮೇಲಕ್ಕೆ ಬರುವಾಗ ಇಮ್ಮಡಿಯಾಗಲೆಳಸುವುದು. ಉಸಿರನ್ನು ಬಿಗಿಹಿಡಿದು ಏರಿದವನ ಶ್ವಾಸಕೋಶವು ಹರಿಯುವ ಭಯವುಂಟು. ಯಂತ್ರ ಕೆಟ್ಟುದಕ್ಕಿಂತಲೂ ಗಾಬರಿಯಿಂದ ಉಸಿರುಗಟ್ಟಿ ಮೇಲಕ್ಕೆ ಧಾವಿಸುವುದೇ ಹೆಚ್ಚಿನ ಅಪಾಯವೆಂಬುದನ್ನು ಮರೆಯಬಾರದು.

1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾಂ ಎಂಬಿಬ್ಬರು ರೂಪಿಸಿದ ರೆಗ್ಯುಲೇಟರಿನಿಂದ ಈಗಿನ ಯಂತ್ರಗಳು ಬೆಳೆದು ಬಂದಿವೆ. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು ಇದು ಎರಡು ಹಂತಗಳಲ್ಲಿ ಇಳಿಸಿ, ಉಸಿರೆಳೆದಾಗ ಮಾತ್ರ ಬಾಯಿಗೆ ಕೊಡುವುದು. ಮರಳು ಸಿಕ್ಕಿಕೊಂಡರೆ ಅಥವಾ ಕವಾಟ ಸವೆದರೆ, ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ. ಬದಲಾಗಿ ತಡೆಯಿಲ್ಲದೆ ಸುರಿಯತೊಡಗುವುದು. ಆಗ ತುಟಿಗಳನ್ನು ಬಿಗಿಯಾಗಿ ಮುಚ್ಚದೆ, ಬೇಕಾದಷ್ಟನ್ನು ಗುಟುಕುಗುಟುಕಾಗಿ ಸೇದಿ, ಮಿಕ್ಕುದನ್ನು ಹೊರಗೆ ಹೋಗಗೊಡಬೇಕು. ಸಿಲಿಂಡರು ಬೇಗನೆ ಬರಿದಾಗುವುದರಿಂದ ತಡಮಾಡದೆ ಜೊತೆಗಾರನಿಗೆ ಸನ್ನೆ ಮಾಡಬೇಕು. ಅವನ ಬಳಿ ಇರುವ ಹೆಚ್ಚಿನ ಬಾಯಿಕೊಳವೆಯನ್ನು ಪಡೆದು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಸಮನಾಗಿ ಉಸಿರಾಡುತ್ತ ಮೆಲ್ಲನೆ ಏರಬೇಕು. ನಿಮಿಷಕ್ಕೆ ಸುಮಾರು 9 ಮೀಟರು ಒಳ್ಳೆಯ ವೇಗ.

ಗಾಳಿ ಮುಗಿದಿದ್ದರೆ ಕೈಯನ್ನು ಕತ್ತಿನ ಮುಂದೆ ಅಡ್ಡಲಾಗಿ ಆಡಿಸುವುದೇ ಸನ್ನೆ. ಜೊತೆಗಾರನು ದೂರವಾಗಿದ್ದು, ಆಳವು ಹೆಚ್ಚಿಲ್ಲದಿದ್ದರೆ, ಬಾಯಿಕೊಳವೆಯನ್ನು ತೆಗೆಯದೆ, ‘ಆ’ ಎಂಬ ಸದ್ದಿನೊಡನೆ ಉಸಿರನ್ನು ಎಡೆಬಿಡದೆ ಹೊರಬಿಡುತ್ತ ಮೇಲಕ್ಕೆ ಈಜಬೇಕು. ಇದು ಕೊನೆಯ ಉಪಾಯ. ಇವೆಲ್ಲವನ್ನೂ ಶಿಕ್ಷಕರ ಸಮಕ್ಷಮದಲ್ಲಿ ಮೊದಲೇ ಅಭ್ಯಾಸ ಮಾಡಿರಬೇಕಲ್ಲದೆ, ಕೇವಲ ಓದಿನಿಂದ ಕೈಗೂಡದು.

ಬಾಯಾರಿದಾಗ ಬಾವಿ ತೋಡಿದರೆ ಪ್ರಯೋಜನವೇನು? ಇಳಿಯುವ ಮುನ್ನವೇ ರಬ್ಬರು ಕೊಳವೆಗಳಲ್ಲಿ ಬಿರುಕುಂಟೋ, ಬಾಯಿಕೊಳವೆ ಹರಿದಿದೆಯೋ ನೋಡಬೇಕು. ಎರಡು ಬಾಯಿಕೊಳವೆಗಳಿಂದಲೂ ಉಸಿರಾಡಿ, ಆಗ ಒತ್ತಡದ ಮುಳ್ಳು ಅದುರದೆ ನಿಂತಿರುವುದನ್ನು ಕಾಣಬೇಕು. ಯಂತ್ರವು ಸ್ವಂತದ್ದಾದರೆ, ಬಳಸಿದ ಮೇಲೆ ಧೂಳುಮುಚ್ಚಳವನ್ನು ಹಾಕಿ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ತಯಾರಕರು ಹೇಳಿದ ಅವಧಿಗೆ ಬಲ್ಲವರಿಂದ ಬಿಚ್ಚಿಸಿ ಸರಿಪಡಿಸಬೇಕು.

ಮಕ್ಕಳು ಸಮುದ್ರಕ್ಕೆ ಹೊರಟಾಗ ಬೇಡವೆಂದು ಕಟ್ಟಿಹಾಕುವುದು ನಮ್ಮ ಸಲಹೆಯಲ್ಲ. ಹಣದ ಲೆಕ್ಕವನ್ನು ಕೇಳುವ ಹಿರಿಯರು, ಯಾರು ಕಲಿಸುತ್ತಾರೆ, ಯಂತ್ರವನ್ನು ಯಾವಾಗ ಪರೀಕ್ಷಿಸಲಾಗಿದೆ, ಉಸಿರು ಸಾಲದಾದಾಗ ಏನು ಮಾಡುವೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಲಿ. ಮೂರನೆಯದಕ್ಕೆ ತಡವರಿಸದೆ ಉತ್ತರ ಕೊಡುವ ಮಗನನ್ನೋ ಮಗಳನ್ನೋ ಧೈರ್ಯವಾಗಿ ಕಳುಹಿಸಬಹುದು.